ಪಥ್ಯವೋ, ಮಾತ್ರೆಯೋ? ಸಂಗಾತಿಯ ರಕ್ತದೊತ್ತಡ ಮತ್ತು ಮನೆಯವರ ಹೊಣೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಆದರೆ ಮನೆಯಲ್ಲಿ ಒಬ್ಬರಿಗೆ ಬಿ.ಪಿ. ಬಂತೆಂದರೆ ಸಾಕು, ಊಟವೂ ಮಾತೂ ಒಟ್ಟಿಗೇ ಕೆಡುತ್ತವೆ. ಹೊಸೂರು, ಕೃಷ್ಣಗಿರಿ ಕಡೆಯ ಹಳ್ಳಿಗಳಲ್ಲಿ ಮನೆ ಮಂತ್ರಿಸಲು ಹೋದಾಗ ನಮಗೆ ಪದೇ ಪದೇ ಕೇಳಿಬರುವ ದೂರು ಇದು: "ಫಾದರ್, ನೀವಾದ್ರೂ ಇವರಿಗೆ ಬುದ್ಧಿ ಹೇಳಿ. ಮಾತ್ರೆ ತಗೊಳ್ಳೋದೇ ಬಿಟ್ಟುಬಿಟ್ಟಿದ್ದಾರೆ." ಪಕ್ಕದಲ್ಲೇ ಕುಳಿತ ಯಜಮಾನರ ಉತ್ತರವೂ ಸಿದ್ಧವಾಗಿರುತ್ತದೆ: "ಒಂದು ಸಲ ಶುರು ಮಾಡಿದ್ರೆ ಸಾಯೋ ತನಕ ಬಿಡೋ ಹಾಗಿಲ್ಲವಂತೆ ಫಾದರ್. ಉಪ್ಪು ಕಮ್ಮಿ ಮಾಡಿದ್ದೀನಿ, ಬೆಳಿಗ್ಗೆ ನಡೀತೀನಿ. ಅಷ್ಟು ಸಾಲದಾ?"

ಇನ್ನೊಂದು ಮನೆಯಲ್ಲಿ ಇದು ತಿರುವುಮುರುವು. ಬಿ.ಪಿ. ಇರುವುದು ಹೆಂಡತಿಗೆ. ಆಕೆ ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ, ಆದರೆ ಉಪ್ಪಿನಕಾಯಿಯನ್ನು ಬಿಡುವುದಿಲ್ಲ. "ಅದಕ್ಕೇ ಅಲ್ವಾ ಮಾತ್ರೆ ಇರೋದು?" ಎನ್ನುತ್ತಾರೆ. ಒಬ್ಬರಿಗೆ ಪಥ್ಯದ ಮೇಲೆ ಪೂರ್ತಿ ಭರವಸೆ, ಇನ್ನೊಬ್ಬರಿಗೆ ಮಾತ್ರೆಯ ಮೇಲೆ ಪೂರ್ತಿ ಭರವಸೆ. ನಡುವೆ ದಿನವೂ ಚಿಕ್ಕಪುಟ್ಟ ಜಗಳ.

ನಾವು ಧರ್ಮಗುರುಗಳು ವೈದ್ಯರಲ್ಲ. ಯಾರಿಗೆ ಯಾವ ಮಾತ್ರೆ ಎಂದು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಈ ಜಗಳದ ಒಂದು ಭಾಗ ವೈದ್ಯಕೀಯದ್ದಾದರೆ, ಇನ್ನೊಂದು ಭಾಗ ದಾಂಪತ್ಯದ್ದು, ಮತ್ತೊಂದು ವಿಶ್ವಾಸದ್ದು. ಆದ್ದರಿಂದ ವೈದ್ಯಲೋಕ ಖಚಿತವಾಗಿ ಕಂಡುಕೊಂಡಿರುವ ಕೆಲವು ಸಂಗತಿಗಳನ್ನು ಮುಂದಿಟ್ಟುಕೊಂಡು, ನಮ್ಮ ಕುಟುಂಬಗಳು ಇದನ್ನು ಹೇಗೆ ನಿಭಾಯಿಸಬಹುದು ಎಂದು ಈ ತಿಂಗಳು ಒಟ್ಟಾಗಿ ಯೋಚಿಸೋಣ.

ನೋವಿಲ್ಲದ ಕಾಯಿಲೆ

ಹೃದಯವು ರಕ್ತವನ್ನು ಒತ್ತಿ ಹೊರಕ್ಕೆ ಕಳಿಸುವಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಹೃದಯ ಎರಡು ಬಡಿತಗಳ ನಡುವೆ ವಿರಮಿಸುವಾಗ ಉಳಿಯುವ ಒತ್ತಡ ಕೆಳಗಿನ ಅಂಕಿ. 120/80ರ ಆಸುಪಾಸು ಆರೋಗ್ಯಕರ. ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇಕಡ 24, ಹೆಂಗಸರಲ್ಲಿ ಶೇಕಡ 21 ಮಂದಿಗೆ ಈ ತೊಂದರೆ ಇದೆ. ನಾಲ್ಕೈದು ಜನ ದೊಡ್ಡವರು ಕುಳಿತ ಒಂದು ಬೆಂಚಿನಲ್ಲಿ ಒಬ್ಬರಿಗೆ ಎಂದರೆ, ನಮ್ಮ ದೇವಾಲಯದ ಬೆಂಚುಗಳನ್ನೇ ನಾವು ಎಣಿಸಿಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯು ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ ಎನ್ನುತ್ತದೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಅದು ತಮಗಿದೆ ಎಂಬುದೇ ಗೊತ್ತಿಲ್ಲ. ಹತೋಟಿಯಲ್ಲಿಟ್ಟುಕೊಂಡಿರುವವರು ಐವರಲ್ಲಿ ಒಬ್ಬರು ಮಾತ್ರ. ಇದಕ್ಕೆ ಕಾರಣ ಸುಲಭ: ಈ ಕಾಯಿಲೆ ನೋಯುವುದಿಲ್ಲ. ಹಲ್ಲು ನೋವಾದರೆ ಯಾರೂ ಹೇಳದಿದ್ದರೂ ವೈದ್ಯರ ಬಳಿಗೆ ಓಡುತ್ತೇವೆ. ರಕ್ತದೊತ್ತಡ ಹಾಗಲ್ಲ. 170 ಇದ್ದಾಗಲೂ ಮನುಷ್ಯ ಹೊಲದಲ್ಲಿ ಉಳುತ್ತಾನೆ, ಸಿಪ್ಕಾಟ್ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಬರುತ್ತಾನೆ. "ನನಗೇನೂ ಆಗಿಲ್ಲ, ಚೆನ್ನಾಗೇ ಇದ್ದೀನಿ" ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಒಳಗೆ ಮಿದುಳು, ಹೃದಯ, ಮೂತ್ರಪಿಂಡ ಮತ್ತು ಕಣ್ಣಿನ ಸಣ್ಣ ರಕ್ತನಾಳಗಳು ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುತ್ತಿರುತ್ತವೆ. ಅದು ಗೊತ್ತಾಗುವುದು ಒಂದು ದಿನ ಬೆಳಿಗ್ಗೆ ಬಾಯಿ ಸೊಟ್ಟಗಾಗಿ, ಕೈ ಎತ್ತಲಾಗದೆ ಬಿದ್ದಾಗ.

ಮಾತ್ರೆಯಿಲ್ಲದ ಕಾಲದಲ್ಲಿ

"ಮಾತ್ರೆ ಬೇಡ, ಪಥ್ಯವೇ ಸಾಕು" ಎನ್ನುವವರು ತಿಳಿಯಬೇಕಾದ ಒಂದು ಸಂಗತಿಯಿದೆ. ಜಗತ್ತು ಬಹಳ ಕಾಲ ಬರೀ ಪಥ್ಯವನ್ನೇ ನಂಬಿಕೊಂಡಿತ್ತು, ಏಕೆಂದರೆ ಬೇರೆ ದಾರಿ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು 1944ರ ಮಾರ್ಚ್‌ನಲ್ಲಿ ಹೃದಯ ತಜ್ಞ ಹೋವರ್ಡ್ ಬ್ರೂಯೆನ್ ಪರೀಕ್ಷಿಸಿದಾಗ ರಕ್ತದೊತ್ತಡ 186/108 ಇತ್ತು. ಹೃದಯಕ್ಕೆ ಒಂದು ಔಷಧ ಕೊಟ್ಟರು. ಉಪ್ಪು ಕಡಿಮೆ ಮಾಡಿಸಿದರು, ತೂಕ ಇಳಿಸಿದರು, ಸಿಗರೇಟು ತಗ್ಗಿಸಿದರು, ವಿಶ್ರಾಂತಿ ಹೇಳಿದರು. ಆದರೆ ಒತ್ತಡವನ್ನು ಸರಿಯಾಗಿ ಇಳಿಸುವ ಮದ್ದು ಅಂದು ಯಾರ ಬಳಿಯೂ ಇರಲಿಲ್ಲ. 1945ರ ಏಪ್ರಿಲ್ 12ರಂದು ಅವರು ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಎಂದು ಹೇಳಿ ಕುಸಿದರು. ಆಗ ಅಳೆದ ಒತ್ತಡ 300/190. ಮಿದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ತೀರಿಕೊಂಡರು. ಅವರಿಗೆ 63 ವರ್ಷ. ದೊಡ್ಡ ರಾಷ್ಟ್ರದ ಅಧ್ಯಕ್ಷರಿಗೂ ದೊರಕದ ಮದ್ದು ಇಂದು ನಮ್ಮ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ದೊರಕುತ್ತದೆ.

"ಇಂಗ್ಲಿಷ್ ಮದ್ದು" ಎಂದು ನಾವು ದೂರ ತಳ್ಳುವ ಈ ಚಿಕಿತ್ಸೆಯ ಮೊದಲ ಹೆಜ್ಜೆಗಳಲ್ಲಿ ಒಂದು ನಮ್ಮ ದೇಶದ್ದೇ. ಸರ್ಪಗಂಧಿ ಗಿಡದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ವೈದ್ಯರು ಅದನ್ನು ಗಮನಿಸಿದರು. ಬಳಿಕ 1967ರಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಫ್ರೈಸ್ ಮತ್ತು ಸಂಗಡಿಗರು ಒತ್ತಡ ಬಹಳ ಹೆಚ್ಚಾಗಿದ್ದ 143 ಗಂಡಸರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ಅರ್ಧದಷ್ಟು ಜನರಿಗೆ ನಿಜವಾದ ಮದ್ದು, ಉಳಿದವರಿಗೆ ಮದ್ದಿಲ್ಲದ ಹುಸಿ ಮಾತ್ರೆ. ಹುಸಿ ಮಾತ್ರೆ ಪಡೆದವರಲ್ಲಿ 27 ಮಂದಿಗೆ ಗಂಭೀರ ತೊಂದರೆಗಳಾದವು, ಅವರಲ್ಲಿ ನಾಲ್ವರು ತೀರಿಕೊಂಡರು. ಮದ್ದು ಪಡೆದವರಲ್ಲಿ ತೊಂದರೆಯಾದದ್ದು ಇಬ್ಬರಿಗೆ ಮಾತ್ರ, ಯಾರೂ ಸಾಯಲಿಲ್ಲ. ಒತ್ತಡವನ್ನು ಮದ್ದಿನಿಂದ ಇಳಿಸಿದರೆ ಪ್ರಾಣ ಉಳಿಯುತ್ತದೆ ಎಂಬುದಕ್ಕೆ ಆ ಮೇಲೆ ಯಾರೂ ಎದುರು ಹೇಳಲಾಗಲಿಲ್ಲ.

ಹಾಗಾದರೆ ಪಥ್ಯ ವ್ಯರ್ಥವೇ?

ಖಂಡಿತ ಅಲ್ಲ. ಪಥ್ಯದ ಬಲವನ್ನೂ ಅಳೆದು ನೋಡಿದ್ದಾರೆ. ಅಧಿಕ ರಕ್ತದೊತ್ತಡ ಇರುವವರಲ್ಲಿ ಉಪ್ಪನ್ನು ಚೆನ್ನಾಗಿ ಕಡಿಮೆ ಮಾಡಿದರೆ ಮೇಲಿನ ಅಂಕಿ ಸುಮಾರು 5 ಇಳಿಯುತ್ತದೆ. ಹೆಚ್ಚು ತೂಕವಿರುವವರು ಇಳಿಸುವ ಪ್ರತಿ ಒಂದು ಕೆಜಿಗೆ ಸುಮಾರು 1 ಇಳಿಯುತ್ತದೆ. ವಾರದ ಬಹುತೇಕ ದಿನ ಚುರುಕಾಗಿ ನಡೆದರೆ 5ರಿಂದ 8. ಕುಡಿಯುವವರು ಕುಡಿತವನ್ನು ತಗ್ಗಿಸಿದರೆ ಸುಮಾರು 4. ತರಕಾರಿ, ಹಣ್ಣು, ಕಾಳು, ಕೆನೆ ತೆಗೆದ ಹಾಲು ಮೊಸರು ಹೆಚ್ಚಿರುವ ಊಟ ಒಂದರಿಂದಲೇ 11ರವರೆಗೂ ಇಳಿದದ್ದನ್ನು ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಸಾಮಾನ್ಯ ಪ್ರಮಾಣದ ಒಂದು ಮಾತ್ರೆ ಇಳಿಸುವುದು ಸುಮಾರು 9. ಅಂದರೆ ಸರಿಯಾಗಿ ಮಾಡಿದ ಪಥ್ಯ ಒಂದು ಮಾತ್ರೆಗೆ ಸಮನಾದೀತು! ಆದರೆ ಈ ಅಂಕಿಗಳನ್ನೆಲ್ಲ ಸುಮ್ಮನೆ ಕೂಡಿಸುತ್ತಾ ಹೋಗಬಾರದು. ಎಲ್ಲವನ್ನೂ ಮಾಡಿದರೂ ಇಳಿಕೆ ಆ ಮೊತ್ತಕ್ಕಿಂತ ಕಡಿಮೆಯೇ ಇರುತ್ತದೆ.

ಈ ಲೆಕ್ಕದಿಂದಲೇ ಉತ್ತರ ಅರ್ಧ ಹೊರಡುತ್ತದೆ. 145 ಇರುವವರು, ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಯಾವುದೂ ಇಲ್ಲದವರು, ಪಥ್ಯದಿಂದಲೇ ಗುರಿ ಮುಟ್ಟಬಹುದು. ಅಂಥವರಿಗೆ ವೈದ್ಯರೇ ಕೆಲವು ತಿಂಗಳ ಕಾಲಾವಕಾಶ ಕೊಡುವುದುಂಟು. ಆದರೆ 175 ಇರುವವರು ಎಷ್ಟೇ ನಡೆದರೂ, ಎಷ್ಟೇ ಸಪ್ಪೆ ಉಂಡರೂ ಪಥ್ಯದಿಂದ ಮಾತ್ರ 140ರ ಕೆಳಗೆ ಬರುವುದು ಕಷ್ಟ. ಅವರು ಮಾತ್ರೆಯನ್ನೂ ತೆಗೆದುಕೊಳ್ಳಬೇಕು, ಪಥ್ಯವನ್ನೂ ಮಾಡಬೇಕು. ಪಥ್ಯವಿದ್ದರೆ ಮೂರು ಮಾತ್ರೆಯ ಜಾಗದಲ್ಲಿ ಎರಡು ಸಾಕಾಗಬಹುದು.

"ಮುಂದೆ ಎಂದಾದರೂ ನಿಲ್ಲಿಸಬಹುದೇ?" ಎಂಬ ಪ್ರಶ್ನೆಗೂ ಪ್ರಾಮಾಣಿಕ ಉತ್ತರವಿದೆ. 1998ರಲ್ಲಿ ಅಮೆರಿಕದಲ್ಲಿ 60ರಿಂದ 80 ವಯಸ್ಸಿನ, ಮಾತ್ರೆಯಿಂದ ಒತ್ತಡ ಹತೋಟಿಯಲ್ಲಿದ್ದ ಹಿರಿಯರ ಬಗೆಗಿನ ಒಂದು ಅಧ್ಯಯನ ಪ್ರಕಟವಾಯಿತು. ಅವರು ಪಥ್ಯ ಆರಂಭಿಸಿ ಮೂರು ತಿಂಗಳಾದ ಮೇಲೆ, ವೈದ್ಯರೇ ಮೇಲ್ವಿಚಾರಣೆ ಮಾಡುತ್ತಾ ಮಾತ್ರೆಯನ್ನು ನಿಲ್ಲಿಸಿ ನೋಡಿದರು. ಸ್ಥೂಲಕಾಯದವರಲ್ಲಿ, ಉಪ್ಪು ಮತ್ತು ತೂಕ ಎರಡನ್ನೂ ತಗ್ಗಿಸಿದವರ ಪೈಕಿ ಸುಮಾರು ಶೇಕಡ 44 ಮಂದಿ ಎರಡೂವರೆ ವರ್ಷಗಳ ಕೊನೆಗೂ ಮಾತ್ರೆಯಿಲ್ಲದೆ, ಒತ್ತಡ ಏರದೆ ಉಳಿದರು. ಪಥ್ಯ ಮಾಡದವರಲ್ಲಿ ಹಾಗೆ ಉಳಿದವರು ಶೇಕಡ 16 ಮಾತ್ರ. ಇದರಲ್ಲಿ ಎರಡು ಪಾಠಗಳಿವೆ. ಪಥ್ಯ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಅಷ್ಟು ಕಟ್ಟುನಿಟ್ಟಾಗಿ ಮಾಡಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದೊಂದೇ ಸಾಕಾಗಲಿಲ್ಲ. "ಸಾಯುವ ತನಕ ಬಿಡುವ ಹಾಗಿಲ್ಲ" ಎಂಬುದು ಎಲ್ಲರಿಗೂ ನಿಜವಲ್ಲ. "ಹೇಗೂ ನಿಲ್ಲಿಸಬಹುದು" ಎಂಬುದೂ ನಿಜವಲ್ಲ. ನಿಲ್ಲಿಸುವುದಾದರೆ ವೈದ್ಯರು ಹೇಳಿ, ಪದೇ ಪದೇ ಅಳೆದು, ನಿಧಾನವಾಗಿ ನಿಲ್ಲಿಸಬೇಕು.

ಮಾತ್ರೆ ಬಿಡುವವರ ಕಾರಣಗಳು

ಯಾರೂ ಹಟಕ್ಕಾಗಿ ಮಾತ್ರೆ ಬಿಡುವುದಿಲ್ಲ, ಒಂದಲ್ಲ ಒಂದು ಕಾರಣ ಇರುತ್ತದೆ. ಅದನ್ನು ಕೇಳುವ ತಾಳ್ಮೆ ಸಂಗಾತಿಗೆ ಬೇಕು. ಅಮ್ಲೋಡಿಪಿನ್ ಎಂಬ ಮಾತ್ರೆಯಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಎನಾಲಾಪ್ರಿಲ್‌ನಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಂಡವರು ಹೊಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಲು ಹಿಂಜರಿಯುತ್ತಾರೆ. ಇವೆಲ್ಲಕ್ಕೂ ದಾರಿಯಿದೆ: ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆ ಬರೆದುಕೊಡುತ್ತಾರೆ, ಇಲ್ಲವೇ ಹೊತ್ತು ಬದಲಿಸುತ್ತಾರೆ. ಹೇಳದೆ ನಿಲ್ಲಿಸುವುದೇ ಅಪಾಯ. ಅಟೆನೊಲಾಲ್‌ನಂಥ ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ತೊಂದರೆಯಾಗಬಹುದು.

ಇನ್ನು ಕೆಲವರು "ಬಿ.ಪಿ. ನಾರ್ಮಲ್ ಬಂತು" ಎಂದು ಬಿಡುತ್ತಾರೆ. ಅದು ನಾರ್ಮಲ್ ಆದದ್ದು ಮಾತ್ರೆಯಿಂದ ಎಂಬುದನ್ನು ಮರೆಯುತ್ತಾರೆ. ಕೊಡೆ ಹಿಡಿದದ್ದರಿಂದ ನೆನೆಯಲಿಲ್ಲ ಎಂದು ಮಳೆಯಲ್ಲೇ ಕೊಡೆ ಮಡಚಿದ ಹಾಗೆ. ಮತ್ತೆ ಕೆಲವರಿಗೆ ಶಿಫ್ಟ್ ಕೆಲಸ. ಈ ವಾರ ಬೆಳಿಗ್ಗೆ, ಮುಂದಿನ ವಾರ ರಾತ್ರಿ. ಮಾತ್ರೆಯ ಹೊತ್ತು ತಪ್ಪುತ್ತದೆ. ಗಡಿಭಾಗದ ನಮ್ಮ ಕನ್ನಡ ಮನೆಗಳಲ್ಲಿ ಇನ್ನೊಂದು ತೊಡಕುಂಟು: ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ತಮಿಳಿನಲ್ಲಿ, ನಮ್ಮ ಹಿರಿಯರಿಗೆ ಓದಲು ಬರುವುದು ಕನ್ನಡ ಮಾತ್ರ. ಯಾವುದು ಬೆಳಿಗ್ಗೆಯದು, ಯಾವುದು ರಾತ್ರಿಯದು ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸುವುದು ಶಾಲೆಗೆ ಹೋಗುವ ಮೊಮ್ಮಕ್ಕಳು ಮಾಡಬಹುದಾದ ಒಳ್ಳೆಯ ಸೇವೆ.

ಎರಡು ಎಚ್ಚರಿಕೆಗಳು. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ನಾವೇ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ರಕ್ತದೊತ್ತಡವನ್ನು ಏರಿಸಬಲ್ಲವು. ಹಾಗೆಯೇ ಬಿ.ಪಿ.ಯ ಕೆಲವು ಮಾತ್ರೆಗಳು ಗರ್ಭದಲ್ಲಿರುವ ಮಗುವಿಗೆ ಹಾನಿಕರ. ಮದುವೆಯಾದ ಹೆಣ್ಣುಮಕ್ಕಳು ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮಗುವನ್ನು ಬಯಸುವ ಮೊದಲೇ ವೈದ್ಯರೊಡನೆ ಮಾತನಾಡಬೇಕು.

ಬಾಗಿಲಿಗೆ ಬಂದ ಮಾತ್ರೆ

2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಎಂಬ ಹಳ್ಳಿಯಲ್ಲಿ ಅಂದಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಒಂದು ಯೋಜನೆಗೆ ಚಾಲನೆ ನೀಡಿದರು. ಅದರ ಹೆಸರು 'ಮಕ್ಕಳೈ ತೇಡಿ ಮರುತ್ತುವಂ', ಅಂದರೆ ಜನರನ್ನು ಹುಡುಕಿಕೊಂಡು ಬರುವ ವೈದ್ಯ. ತರಬೇತಿ ಪಡೆದ ಹೆಂಗಸರು ಮನೆಮನೆಗೆ ಹೋಗಿ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷಿಸಿ, ಕಾಯಿಲೆ ಇರುವವರಿಗೆ ಮಾತ್ರೆಯನ್ನು ಮನೆಗೇ ತಲುಪಿಸುವ ಯೋಜನೆ ಇದು. ದಿನಗೂಲಿ ಬಿಟ್ಟು ಆಸ್ಪತ್ರೆಯಲ್ಲಿ ಸಾಲು ನಿಲ್ಲಲಾಗದೆ ಮಾತ್ರೆ ಬಿಟ್ಟವರು ಎಷ್ಟೋ ಮಂದಿ ಇದ್ದರು. ಅವರಿಗಾಗಿಯೇ ಇದು ಬಂತು. 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಈ ಯೋಜನೆಗೆ ದೊರಕಿತು. ನಮ್ಮ ನೆರೆಯ ಹಳ್ಳಿಯಲ್ಲಿ ಆರಂಭವಾದ ಕೆಲಸ ಎಂಬುದು ನಮಗೂ ಹೆಮ್ಮೆಯೇ.

ಆದರೆ ಸರ್ಕಾರ ಎಷ್ಟೇ ಮಾಡಲಿ, ಮಾತ್ರೆಯನ್ನು ಬಾಗಿಲವರೆಗೆ ತರಬಹುದು ಅಷ್ಟೆ. ಬಾಗಿಲಿನಿಂದ ಬಾಯಿಯವರೆಗಿನ ದಾರಿ ಮನೆಯವರದು. ಮಾತ್ರೆ ಕಪಾಟಿನಲ್ಲೇ ಉಳಿಯುವುದೋ ಹೊಟ್ಟೆಗೆ ಹೋಗುವುದೋ, ಸಾರಿಗೆ ಎಷ್ಟು ಉಪ್ಪು ಬೀಳುವುದೋ, ಸಂಜೆ ಟಾಸ್ಮಾಕ್ ಕಡೆ ಹೋಗುವುದೋ ಮನೆ ಕಡೆ ಬರುವುದೋ, ಇದನ್ನೆಲ್ಲ ನಿರ್ಧರಿಸುವುದು ಗಂಡಹೆಂಡಿರ ನಡುವಿನ ಬಾಂಧವ್ಯ.

ಪೊಲೀಸರಾಗಬೇಡಿ, ಜೊತೆಗಾರರಾಗಿ

ಕೆಲವರು ಪ್ರೀತಿಯಿಂದಲೇ ಪೊಲೀಸರಾಗಿಬಿಡುತ್ತಾರೆ. ಊಟದ ತಟ್ಟೆಯ ಮುಂದೆ, ಮಕ್ಕಳ ಎದುರು, ನೆಂಟರ ಎದುರು, "ಅದು ತಿನ್ನಬೇಡಿ, ಇದು ಮುಟ್ಟಬೇಡಿ, ನಿಮಗೆ ಏನಾದ್ರೂ ಆದ್ರೆ ನನ್ನ ಗತಿಯೇನು?" ಎಂದು ಗದರುತ್ತಾರೆ. ಮಾತಿನ ಹಿಂದಿರುವುದು ಭಯ. ಕೇಳುವವರಿಗೆ ತಲುಪುವುದು ಅವಮಾನ. ಅವರು ಮನೆಯಲ್ಲಿ ಸಪ್ಪೆ ಉಂಡು ಹೊರಗೆ ಹೋಟೆಲಿನಲ್ಲಿ ಬೋಂಡಾ ತಿನ್ನುತ್ತಾರೆ, ಮಾತ್ರೆ ನುಂಗಿದೆ ಎಂದು ಸುಳ್ಳು ಹೇಳುತ್ತಾರೆ. ಸುಳ್ಳು ಆರಂಭವಾದ ಮೇಲೆ ವೈದ್ಯರೂ ಏನೂ ಮಾಡಲಾಗುವುದಿಲ್ಲ. ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ಇನ್ನೊಂದನ್ನು ಬರೆಯುತ್ತಾರೆ.

ಬದಲಿಗೆ ಹೀಗೆ ಮಾಡಬಹುದು. ಆಸ್ಪತ್ರೆಗೆ ಇಬ್ಬರೂ ಒಟ್ಟಿಗೆ ಹೋಗಿ. ವೈದ್ಯರ ಮಾತನ್ನು ಇಬ್ಬರೂ ಕೇಳಿ. "ನಮ್ಮ ಗುರಿ ಎಷ್ಟು? ಪಥ್ಯಕ್ಕೆ ಎಷ್ಟು ತಿಂಗಳು ಸಮಯ ಕೊಡುತ್ತೀರಿ? ಅಷ್ಟರಲ್ಲಿ ಇಳಿಯದಿದ್ದರೆ ಏನು?" ಎಂದು ಕೇಳಿ. ಹಾಗೆ ಒಂದು ಅವಧಿ, ಒಂದು ಅಂಕಿ ನಿಗದಿಯಾದರೆ ದಿನದಿನದ ಜಗಳಕ್ಕೆ ಜಾಗವೇ ಇರುವುದಿಲ್ಲ. ಗೆದ್ದದ್ದು ಗಂಡನ ಮಾತೋ ಹೆಂಡತಿಯ ಮಾತೋ ಎಂಬ ಪ್ರಶ್ನೆ ಹೋಗಿ, ಅಳತೆ ಏನು ಹೇಳುತ್ತದೆ ಎಂಬುದೊಂದೇ ಉಳಿಯುತ್ತದೆ.

ಪಥ್ಯ ಒಬ್ಬರಿಗಾಗಿ ಅಲ್ಲ, ಮನೆಮಂದಿಗೆಲ್ಲ ಆಗಲಿ. ರೋಗಿಗೆಂದು ಬೇರೆ ಸಪ್ಪೆ ಸಾರು ಮಾಡಿದರೆ ಅಡುಗೆ ಮಾಡುವವರಿಗೂ ಎರಡು ಕೆಲಸ, ಉಣ್ಣುವವರಿಗೂ ಶಿಕ್ಷೆ. "ಉಪ್ಪಿಗಿಂತ ರುಚಿಯಿಲ್ಲ" ಎಂದು ನಮ್ಮ ಹಿರಿಯರು ಹೇಳಿದ್ದು ಸರಿಯೇ. ಆದರೆ ನಾಲಿಗೆ ಕೆಲವು ವಾರಗಳಲ್ಲಿ ಕಡಿಮೆ ಉಪ್ಪಿಗೂ ಒಗ್ಗಿಕೊಳ್ಳುತ್ತದೆ. ಮಕ್ಕಳು ಚಿಕ್ಕಂದಿನಿಂದಲೇ ಒಗ್ಗಿಕೊಂಡರೆ ಅವರಿಗೆ ಅದೇ ರುಚಿ.

ಮನೆಯ ತಾಯಂದಿರ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಗಂಡನ ಮಾತ್ರೆಯ ಹೊತ್ತು ನೆನಪಿಡುವ ಎಷ್ಟೋ ಹೆಂಗಸರು ತಮ್ಮ ರಕ್ತದೊತ್ತಡವನ್ನು ಕಡೆಯ ಬಾರಿ ನೋಡಿಸಿದ್ದು ಹೆರಿಗೆಯ ಸಮಯದಲ್ಲಿ. ಬಸುರಿಯಾಗಿದ್ದಾಗ ಬಿ.ಪಿ. ಏರಿದ್ದವರಿಗೆ ಮುಂದೆಯೂ ಅದು ಬರುವ ಸಾಧ್ಯತೆ ಹೆಚ್ಚು. ಹೆಂಡತಿಗೆ ವೈದ್ಯರು ಅರ್ಧ ಗಂಟೆ ನಡೆಯಲು ಹೇಳಿದರೆ, ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಬೆಳಿಗ್ಗೆ ನೀರು ಹಿಡಿದು, ಹಾಲು ಕರೆದು, ತಿಂಡಿ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಿಗೆ ಒಂಬತ್ತು ಗಂಟೆ. "ನಡಿ, ಆರೋಗ್ಯಕ್ಕೆ ಒಳ್ಳೆಯದು" ಎಂದು ಹೇಳುವುದು ಸಹಾಯವಲ್ಲ. ಒಂದು ಕೆಲಸವನ್ನು ಕೈಯಿಂದ ತೆಗೆದುಕೊಂಡು "ನೀನು ಹೋಗಿ ಬಾ, ನಾನು ನೋಡ್ಕೋತೀನಿ" ಎನ್ನುವುದು ಸಹಾಯ. ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಜೊತೆಗಿರುತ್ತೇವೆಂದು ಪೀಠದ ಮುಂದೆ ಕೊಟ್ಟ ಮಾತಿಗೆ ಇಂಥ ಸಣ್ಣ ಕೆಲಸಗಳಲ್ಲೇ ಬೆಲೆ ಬರುತ್ತದೆ.

ಪ್ರಾರ್ಥನೆಯೂ ಬೇಕು, ಮದ್ದೂ ಬೇಕು

ಧ್ಯಾನಕೂಟಕ್ಕೆ ಹೋಗಿ ಬಂದು, "ದೇವರು ನನ್ನನ್ನು ಗುಣಪಡಿಸಿದ್ದಾರೆ, ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆಯಾದಂತೆ" ಎಂದು ಔಷಧ ಬಿಡುವವರೂ ಇದ್ದಾರೆ. ಇದು ಧರ್ಮಸಭೆಯ ಬೋಧನೆಯಲ್ಲ. ಹಳೆಯ ಒಡಂಬಡಿಕೆಯಲ್ಲಿ ಅರಸ ಹಿಜ್ಕೀಯನು ಮರಣಾಂತಿಕ ಕಾಯಿಲೆ ಬಿದ್ದಾಗ ಗೋಡೆಯ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದನು. ದೇವರು ಅವನ ಮೊರೆ ಕೇಳಿ ಆಯುಷ್ಯವನ್ನು 15 ವರ್ಷ ಹೆಚ್ಚಿಸಿದರು. ಅದೇ ಪ್ರಸಂಗದಲ್ಲಿ ಪ್ರವಾದಿ ಯೆಶಾಯನು ಅಂಜೂರದ ಹಣ್ಣಿನ ಉಂಡೆಯನ್ನು ತಂದು ಹುಣ್ಣಿಗೆ ಕಟ್ಟಲು ಹೇಳಿದನು. ಪ್ರಾರ್ಥನೆಗೆ ಉತ್ತರ ಬಂದ ಮೇಲೆಯೂ ಮದ್ದು ಬೇಕಾಯಿತು! ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಮನೆಯವರೆಲ್ಲ ಒಟ್ಟಿಗೆ ಓದಿ ನೋಡಿ. ವೈದ್ಯರನ್ನು ಗೌರವಿಸಬೇಕೆಂದೂ, ಭೂಮಿಯಿಂದ ಮದ್ದನ್ನು ಉಂಟುಮಾಡಿದವರು ದೇವರೇ ಎಂದೂ, ವಿವೇಕಿಯು ಅದನ್ನು ತಿರಸ್ಕರಿಸುವುದಿಲ್ಲವೆಂದೂ, ಪ್ರಾರ್ಥಿಸಿದ ಮೇಲೆ ವೈದ್ಯನಿಗೂ ಎಡೆ ಕೊಡಬೇಕೆಂದೂ ಅಲ್ಲಿದೆ. ಶುಭಸಂದೇಶ ಬರೆದ ಸಂತ ಲೂಕರೇ ವೈದ್ಯರಾಗಿದ್ದರು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತಿದ್ದಿಕೊಳ್ಳೋಣ. ಪರಮಪ್ರಸಾದ ಸ್ವೀಕರಿಸಬೇಕೆಂದು ಭಾನುವಾರ ಬೆಳಗಿನ ಮಾತ್ರೆಯನ್ನು ಬಿಡುವ ಹಿರಿಯರಿದ್ದಾರೆ. ಹಿಂದೆ ನಡುರಾತ್ರಿಯಿಂದ ಒಂದು ಹನಿ ನೀರನ್ನೂ ಕುಡಿಯದೆ ಪೂಜೆಗೆ ಬರಬೇಕಿತ್ತು. ಆ ಅಭ್ಯಾಸ ಅವರ ತಂದೆತಾಯಿಗಳಿಂದ ಬಂದದ್ದು. ಆದರೆ 1953ರಲ್ಲೇ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ನೀರಿನಿಂದ ಉಪವಾಸ ಮುರಿಯುವುದಿಲ್ಲವೆಂದು ಸಾರಿದರು. 1964ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಉಪವಾಸದ ಅವಧಿಯನ್ನು ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಗೆ ಇಳಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ನಿಯಮದಂತೆ ನೀರು ಮತ್ತು ಔಷಧ ಉಪವಾಸವನ್ನು ಮುರಿಯುವುದಿಲ್ಲ. ವಯಸ್ಸಾದವರು, ಕಾಯಿಲೆಯವರು ಹಾಗೂ ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯ ಕಟ್ಟೂ ಇಲ್ಲ. ಆದ್ದರಿಂದ ಮಾತ್ರೆ ನುಂಗಿಯೇ ಪೂಜೆಗೆ ಬನ್ನಿ. ವಿಭೂತಿ ಬುಧವಾರ, ಶುಭ ಶುಕ್ರವಾರಗಳ ಉಪವಾಸದಲ್ಲೂ ಮಾತ್ರೆ ತಪ್ಪಬಾರದು. ಕಾಯಿಲೆಯವರಿಗೆ ಉಪವಾಸದ ಕಡ್ಡಾಯವೇ ಇಲ್ಲ. ವೇಳಾಂಗಣ್ಣಿಗೆ ಪಾದಯಾತ್ರೆ ಹೊರಡುವವರು ಜಪಸರದ ಜೊತೆಗೆ ಅಷ್ಟೂ ದಿನಗಳ ಮಾತ್ರೆಯನ್ನು ಚೀಲಕ್ಕೆ ಹಾಕಿಕೊಳ್ಳಲಿ.

ಈ ವಾರದಿಂದಲೇ ಮಾಡಬಹುದಾದದ್ದು

1. ಉಪ್ಪಿನ ಲೆಕ್ಕ ಇಡಿ. ಒಬ್ಬ ದೊಡ್ಡ ಮನುಷ್ಯನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಮಟ್ಟಸ ಒಂದು ಟೀ ಚಮಚ. ನಾಲ್ವರ ಮನೆಯಲ್ಲಿ ಒಂದು ಕೆಜಿ ಉಪ್ಪಿನ ಪೊಟ್ಟಣ ಕನಿಷ್ಠ 50 ದಿನ ಬರಬೇಕು. ಒಡೆದ ತಾರೀಕನ್ನು ಪೊಟ್ಟಣದ ಮೇಲೆ ಬರೆಯಿರಿ. 25 ದಿನಕ್ಕೇ ಮುಗಿದರೆ ಎರಡರಷ್ಟು ತಿನ್ನುತ್ತಿದ್ದೀರಿ.

2. ಕೃಷ್ಣಗಿರಿ ಮಾವಿನ ನಾಡು, ಜಾಡಿಯಲ್ಲಿ ಉಪ್ಪಿನಕಾಯಿ ಇಲ್ಲದ ಮನೆಯಿಲ್ಲ. ಅದನ್ನೂ, ಹಪ್ಪಳ, ಸಂಡಿಗೆ, ಕರುವಾಡು ಎನ್ನುವ ಒಣಮೀನು, ಬೇಕರಿಯ ಖಾರ ತಿಂಡಿಗಳನ್ನೂ ದಿನದ ಊಟದಿಂದ ಹಬ್ಬದ ಊಟಕ್ಕೆ ಸರಿಸಿ. ರಾಗಿಮುದ್ದೆಯ ಹಿಟ್ಟಿಗೆ ಉಪ್ಪು ಹಾಕಬೇಕಿಲ್ಲ, ಸಾರಿನಲ್ಲಿರುವುದೇ ಸಾಕು. ಸೊಪ್ಪು, ಹುರುಳಿ, ಅವರೆ, ತರಕಾರಿ ನಮ್ಮ ಹೊಲದಲ್ಲೇ ಬೆಳೆಯುತ್ತವೆ; ಮಾರುವುದರಲ್ಲಿ ಸ್ವಲ್ಪ ಮನೆಗೂ ಉಳಿಸಿಕೊಳ್ಳಿ. ಹುಳಿ, ನಿಂಬೆ, ಕೊತ್ತಂಬರಿ, ಬೆಳ್ಳುಳ್ಳಿ ಉಪ್ಪಿನ ಕೊರತೆಯನ್ನು ತುಂಬುತ್ತವೆ. ಆದರೆ ಬೆಳ್ಳುಳ್ಳಿ ಮಾತ್ರೆಗೆ ಬದಲಿಯಲ್ಲ.

3. 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮತ್ತು ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

4. ಸರಿಯಾಗಿ ಅಳೆಯಿರಿ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಮಾತನಾಡದೆ ಅಳೆಯಬೇಕು. ಜಗಳವಾಡಿದ ಕೂಡಲೇ ಅಳೆದರೆ ಬರುವುದು ಜಗಳದ ಅಂಕಿ. ಅಂಕಿಯನ್ನು ತಾರೀಕಿನೊಡನೆ ಒಂದು ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿ.

5. ಮಾತ್ರೆಯನ್ನು ಒಂದು ನಿತ್ಯದ ಕೆಲಸಕ್ಕೆ ಗಂಟು ಹಾಕಿ: ಬೆಳಗಿನ ಪ್ರಾರ್ಥನೆಗೆ, ಇಲ್ಲವೇ ಸಂಜೆಯ ಜಪಸರಕ್ಕೆ. ಸಂಜೆ ಜಪಸರ ಹೇಳುತ್ತಾ ಇಬ್ಬರೂ ಒಟ್ಟಿಗೆ ನಡೆದರೆ ನಡಿಗೆಯೂ ಆಯಿತು, ಪ್ರಾರ್ಥನೆಯೂ ಆಯಿತು.

6. ಮುಖ ಒಂದು ಕಡೆ ಜೋತರೆ, ಒಂದು ಕೈ ಅಥವಾ ಕಾಲು ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮನೆಯಲ್ಲಿ ನೀರು, ಕಾಫಿ, ಹೆಚ್ಚುವರಿ ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಲಕ್ವ ಹೊಡೆಯಿತೆಂದು ಎಣ್ಣೆ ಹಚ್ಚಿಸಲು, ನಾಟಿ ಮದ್ದು ಕೊಡಿಸಲು ಹೋಗುವಷ್ಟರಲ್ಲಿ ಆ ಹೊತ್ತು ಮೀರಿಹೋಗುತ್ತದೆ.

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಧರ್ಮಸಭೆಯು ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ಎರಡನೆಯ ಜಾನ್ ಪೌಲ್ ಜಗದ್ಗುರುಗಳ ಆಶಯದಂತೆ 1993ರಿಂದ ಇದು ನಡೆದುಬಂದಿದೆ. ಆ ದಿನ ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಒಂದು ಮೇಜು, ಒಂದು ಬಿ.ಪಿ. ಯಂತ್ರ, ನಮ್ಮ ಧರ್ಮಕೇಂದ್ರದ ಒಬ್ಬ ನರ್ಸ್ ಇದ್ದರೆ ಸಾಕು. ಗಂಡನನ್ನು ಹೆಂಡತಿ, ಹೆಂಡತಿಯನ್ನು ಗಂಡ ಕರೆದುಕೊಂಡು ಬಂದು ಇಬ್ಬರೂ ಅಳೆಸಿಕೊಳ್ಳಲಿ. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಸಂಗಾತಿಯನ್ನು ಗದರದೆ, ಮೆಲ್ಲಗೆ ಒಂದು ಪ್ರಶ್ನೆ ಕೇಳಿ: "ಮಾತ್ರೆಯಿಂದ ನಿಮಗೆ ಏನು ತೊಂದರೆ ಆಗ್ತಿದೆ?" ಉತ್ತರವನ್ನು ಕೊನೆಯವರೆಗೂ ಕೇಳಿಸಿಕೊಳ್ಳಿ. ನಂತರ ಇಬ್ಬರೂ ಸೇರಿ ಅದನ್ನು ವೈದ್ಯರ ಮುಂದೆ ಇಡಿ. ನಮ್ಮ ಕುಟುಂಬಗಳನ್ನು ಪ್ರಭು ಯೇಸು ಆರೋಗ್ಯದಲ್ಲಿಯೂ ಒಲವಿನಲ್ಲಿಯೂ ಕಾಪಾಡಲಿ.